ಒಪಿಶ್ನ್ಯಾದ ಒಲೆಕ್ಸಾಂದ್ರಾ ಸೆಲ್ಯೂಚೆಂಕೊ: ಮಣ್ಣಿನ ಗೊಂಬೆ, ಕುಂಬಾರರ ಊರು

ತಿಗರಿ ಶಾರದಾ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮಣ್ಣಿನ ಕೆಲಸ ಗೊತ್ತಿರುವವರು ಸುಮಾರು ಜನ ಇದ್ದೀರಿ. ಅದಕ್ಕೇ ಉಕ್ರೇನಿನ ಒಬ್ಬರು ಹೆಣ್ಣುಮಗಳ ವಿಷಯ ಎತ್ತುತ್ತಿದ್ದೇನೆ. ಹೆಸರು ಒಲೆಕ್ಸಾಂದ್ರಾ ಸೆಲ್ಯೂಚೆಂಕೊ. 1921ರಲ್ಲಿ ಒಪಿಶ್ನ್ಯಾ ಅನ್ನುವ ಊರಲ್ಲಿ ಹುಟ್ಟಿದರು. 1987ರಲ್ಲಿ ಅಲ್ಲೇ ತೀರಿಕೊಂಡರು. ಬದುಕಿನುದ್ದಕ್ಕೂ ಕೈ ಹಿಡಿದದ್ದು ಮಣ್ಣಿನ ಗೊಂಬೆ. ಸೀಟಿ ಊದುವ ಹುಂಜ, ಕುದುರೆ, ಟಗರು, ಮೇಕೆ, ಕುದುರೆ ಸವಾರ, ಗಂಟೆಯಾಕಾರದ ಲಂಗ ತೊಟ್ಟು ನಿಂತ ಹೆಂಗಸರು. ದೊಡ್ಡ ಕಲಾಶಾಲೆ ಇಲ್ಲ, ರಾಜಧಾನಿಯ ವಾಸ ಇಲ್ಲ.

ಒಪಿಶ್ನ್ಯಾ ಪೊಲ್ತಾವಾ ಪ್ರಾಂತ್ಯದ ಊರು. ವೋರ್ಸ್ಕ್ಲಾ ನದಿಯ ಸೀಮೆ. ಸುತ್ತಮುತ್ತ ಒಳ್ಳೆ ಜೇಡಿಮಣ್ಣು ಸಿಗುತ್ತದೆ. ಅದರಿಂದಲೇ ಊರು ಬೆಳೆಯಿತು. ಗಂಡಸರು ತಿಗರಿ, ಅಂದರೆ ಕುಂಬಾರರ ಚಕ್ರದ ಮೇಲೆ ಹಾಲಿನ ಹೂಜಿ, ಬಟ್ಟಲು, ಮಕೀತ್ರಾ ಎತ್ತುತ್ತಿದ್ದರು. ಮಕೀತ್ರಾ ಅಂದರೆ ಗಸಗಸೆ ಅರೆಯಲು ಬಳಸುವ ಅಗಲ ಬಾಯಿಯ ದೊಡ್ಡ ಪಾತ್ರೆ. ಹೆಂಗಸರು ಅದಕ್ಕೆ ಬಣ್ಣದ ಹೂವು ಬಳ್ಳಿ ಬರೆಯುತ್ತಿದ್ದರು. ಉಳಿದ ಮಣ್ಣಲ್ಲಿ ಹೆಂಗಸರು, ಮಕ್ಕಳು ಗೊಂಬೆ ಮಾಡುತ್ತಿದ್ದರು. ಪಾತ್ರೆ ಗಾಡಿಯಲ್ಲಿ ಸಂತೆಗೆ ಹೋಗುವಾಗ ಗೊಂಬೆಗಳೂ ಜೊತೆಗೆ ಹೋಗುತ್ತಿದ್ದವು. ಕಾಸಿಗೆ ಒಂದು ಸೀಟಿ. ಮಗು ಅತ್ತರೆ ಕೊಡಿಸುವಂಥದ್ದು.

ನನಗೆ ಹೇಳಬೇಕಿರುವುದು ಇಷ್ಟೇ. ಕುಂಬಾರರ ಊರಲ್ಲೇ ಯಾರೂ ಲೆಕ್ಕಕ್ಕೆ ಇಡದ ಕೆಲಸವನ್ನು ಈಕೆ ಎತ್ತಿಕೊಂಡರು. ಅದರಲ್ಲೇ ನೆಲೆ ನಿಂತರು. ತಿಗರಿಯವರ ಪಕ್ಕದಲ್ಲಿ ಗೊಂಬೆಯವರ ಹೆಸರೂ ಹೇಳುವಂತೆ ಮಾಡಿದರು. ಇವತ್ತು ಒಪಿಶ್ನ್ಯಾದಲ್ಲಿ ಅವರ ಮನೆಯೇ ಒಂದು ಮ್ಯೂಸಿಯಂ. ರಾಷ್ಟ್ರೀಯ ಕುಂಬಾರಿಕೆ ಸಂಗ್ರಹಾಲಯದವರು ಅದನ್ನು ನೋಡಿಕೊಳ್ಳುತ್ತಾರೆ.

ಯಾರಾದರೂ ಆ ಕಡೆ ಹೋಗಿದ್ದೀರಾ? ಗೊಂಬೆ ಮಾಡುವವರು ಇದ್ದರೆ ನಿಮ್ಮ ಅಭಿಪ್ರಾಯವೂ ಬೇಕು.

ದಾವಣಗೆರೆ ಡಾಕ್ಟ್ರು

ಶಾರದಾ ಮೇಡಂ, ನಾನು ಎಂಬಿಬಿಎಸ್ ಓದಿದ್ದು ಪೊಲ್ತಾವಾದಲ್ಲಿ. ಒಪಿಶ್ನ್ಯಾ ಅಲ್ಲಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕೆ. ದಿಕಾಂಕಾ ದಾಟಿ ಹೋಗಬೇಕು. ದಾರಿಯುದ್ದಕ್ಕೂ ಕರಿಮಣ್ಣಿನ ಹೊಲ, ಸೂರ್ಯಕಾಂತಿ, ಗೋಧಿ. ಇಂಥ ಕಪ್ಪು ನೆಲದಲ್ಲಿ ಕುಂಬಾರಿಕೆ ಮಣ್ಣು ಎಲ್ಲಿಂದ ಬರುತ್ತದೆ ಅಂತ ಕೇಳಿದ್ದೆ. ಮೇಲಿನ ಕಪ್ಪು ಪದರ ಬೆಳೆಗೆ, ಅದರ ಕೆಳಗಿನ ಜೇಡಿ ನಮಗೆ ಅಂದರು ಅಲ್ಲಿಯವರು. ಸುಟ್ಟಾಗ ತಿಳಿ ಬಣ್ಣಕ್ಕೆ ತಿರುಗುವ ಮಣ್ಣು ಅದು. ಅದಕ್ಕೇ ಮೇಲೆ ಬರೆದ ಬಣ್ಣ ಎದ್ದು ಕಾಣುತ್ತದೆ.

ಸಂಗ್ರಹಾಲಯ ಶುರುವಾಗಿದ್ದು 1986ರಲ್ಲಿ. 2001ರಲ್ಲಿ ಅದಕ್ಕೆ ರಾಷ್ಟ್ರೀಯ ಸ್ಥಾನ ಸಿಕ್ಕಿತು. ಒಳಗೆ ಹೋಗುವ ಮೊದಲೇ ಅಂಗಳದಲ್ಲಿ ಆಳೆತ್ತರಕ್ಕೂ ಮಿಕ್ಕಿದ ಮಣ್ಣಿನ ಶಿಲ್ಪಗಳು ನಿಂತಿವೆ. ಊರಿನಲ್ಲಿ ನಡೆದ ಕಲಾವಿದರ ಶಿಬಿರಗಳಲ್ಲಿ ಮಾಡಿದವು. ಮಳೆ, ಹಿಮ ಎಲ್ಲ ಅದರ ಮೇಲೇ ಬೀಳುತ್ತದೆ.

ಸೆಲ್ಯೂಚೆಂಕೊ ಅವರ ಮನೆ ಬೇರೆ ಕಡೆ ಇದೆ. ಹಳ್ಳಿಯ ಸಾದಾ ಮನೆ. ದೊಡ್ಡ ಕಲಾವಿದರ ಮನೆ ಅಂತ ನಿರೀಕ್ಷೆ ಇಟ್ಟುಕೊಂಡು ಹೋದವರು ಒಂದು ಗಳಿಗೆ ನಿಂತುಬಿಡುತ್ತಾರೆ. ನನ್ನ ಜೊತೆ ಬಂದಿದ್ದ ಪೊಲ್ತಾವಾದ ಗೆಳತಿ, “ನಮ್ಮ ಅಜ್ಜಿ ಮನೆಯೂ ಹೀಗೇ ಇದೆ” ಅಂದಳು. ಊರಿನ ನೂರಾರು ಮನೆಗಳ ಹಾಗೆ ಇರುವ ಒಂದು ಮನೆಯಲ್ಲಿ ಕೂತು ಅಷ್ಟು ಕೆಲಸ ಮಾಡಿದ್ದಾರೆ. ನನಗೆ ಅದೇ ಹೆಚ್ಚು ತಟ್ಟಿತು. ಅವರು ಚಿತ್ರಗಳನ್ನೂ ಬರೆಯುತ್ತಿದ್ದರು. ಗೊಂಬೆಯಲ್ಲಿ ಕಾಣುವ ಹಕ್ಕಿ ಹೂವುಗಳೇ ಕಾಗದದ ಮೇಲೂ ಬರುತ್ತಿದ್ದವು.

ಅದೇ ಊರಲ್ಲಿ ಪೊಶಿವಾಯ್ಲೊ ಮನೆತನದ ಮನೆಯನ್ನೂ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಗಂಡ ಹವ್ರಿಲೊ ತಿಗರಿ ಮೇಲೆ, ಹೆಂಡತಿ ಯಾವ್ದೋಖಾ ಬಣ್ಣದ ಕೆಲಸದಲ್ಲಿ. ಎರಡೂ ಮನೆ ನೋಡಿದರೆ ಊರಿನ ಕಸುಬು ಹೇಗೆ ನಡೆಯುತ್ತಿತ್ತು ಅಂತ ತಿಳಿಯುತ್ತದೆ.

ರಂಗನಾಥ್ ಕೆ

ಓದಿ ಖುಷಿಯಾಯಿತು. ಆದರೆ ಒಂದು ಮಾತು ಕೇಳಲೇಬೇಕು. ಹುಂಜ, ಟಗರು, ಲಂಗದ ಹೆಂಗಸು, ಇವೆಲ್ಲ ಒಪಿಶ್ನ್ಯಾದಲ್ಲಿ ಮೊದಲಿನಿಂದಲೂ ಇದ್ದವು. ಅವರ ಅಮ್ಮಂದಿರು, ಅಜ್ಜಿಯರು ಮಾಡುತ್ತಿದ್ದದ್ದನ್ನೇ ಇವರೂ ಮಾಡಿದರು. ಹಾಗಿರುವಾಗ ಒಬ್ಬರನ್ನೇ ಎತ್ತಿ ಕಲಾವಿದೆ ಅನ್ನುವುದು ಉಳಿದವರಿಗೆ ಅನ್ಯಾಯ ಅಲ್ವಾ? ಇನ್ನೊಂದು, ಅವರು ಕೆಲಸ ಮಾಡಿದ್ದು ಸೋವಿಯತ್ ಕಾಲದ ಸಹಕಾರಿ ಸಂಘ, ಕಾರ್ಖಾನೆಗಳಲ್ಲಿ. ಅಲ್ಲಿ ತಿಂಗಳಿಗೆ ಇಂತಿಷ್ಟು ಮಾಲು ಅಂತ ಇರುತ್ತದೆ. ಪ್ರವಾಸಿಗರಿಗೆ ಮಾರುವ ಸರಕಿಗೂ ಕಲೆಗೂ ಗೆರೆ ಎಳೆಯುವುದು ಎಲ್ಲಿ?

ಜಗಳಕ್ಕಲ್ಲ. ನಿಜವಾಗಿ ತಿಳಿಯಬೇಕು ಅಂತಲೇ ಕೇಳುತ್ತಿದ್ದೇನೆ.

ತಿಗರಿ ಶಾರದಾ

ರಂಗನಾಥ್ ಅವರೇ, ಈ ಪ್ರಶ್ನೆ ಬರಲಿ ಅಂತಲೇ ಇದ್ದೆ.

ಮೊದಲು ಕಾರ್ಖಾನೆ ಮಾತು. ಸೆಲ್ಯೂಚೆಂಕೊ ಮನೆಯಲ್ಲೇ ಮಣ್ಣಿನ ಕೆಲಸ ಕಂಡವರು. 1930ರ ದಶಕದ ಕೊನೆಗೆ ಒಪಿಶ್ನ್ಯಾದ ಕುಂಬಾರಿಕೆ ಶಾಲೆಯಲ್ಲಿ ಕಲಿತರು. ಆಮೇಲೆ ಊರಿನ ‘ಕಲಾ ಕುಂಬಾರ’ ಕಾರ್ಖಾನೆಯಲ್ಲಿ ದುಡಿದರು. ಉಕ್ರೇನಿನಲ್ಲಿ ಅದನ್ನು ‘ಖುದೋಜ್ನಿ ಕೆರಾಮಿಕ್’ ಅನ್ನುತ್ತಾರೆ. ಸಂಬಳದ ಕೆಲಸವೇ. ಒಂದೇ ನಮೂನೆಯನ್ನು ಮತ್ತೆ ಮತ್ತೆ ಮಾಡುವ ಕೆಲಸವೂ ಇತ್ತು. ಅದರಲ್ಲಿ ನನಗೆ ಕೊರತೆ ಕಾಣುವುದಿಲ್ಲ. ಸಾವಿರ ಸಲ ಹುಂಜ ಮಾಡಿದ ಕೈಗೆ ಮಾತ್ರ ಹುಂಜದ ಕತ್ತು ಎಲ್ಲಿ ತಿರುಗಬೇಕು ಅಂತ ಗೊತ್ತಾಗುತ್ತದೆ.

ಇನ್ನು ಹಳೆ ನಮೂನೆಯ ಮಾತು. ಅವರ ಹೆಂಗಸಿನ ಗೊಂಬೆಗಳ ಫೋಟೋ ಸುಮ್ನೆ ಒಂದರ ಪಕ್ಕ ಒಂದು ಇಟ್ಟು ನೋಡಿ. ಲಂಗ ಒಳಗೆ ಟೊಳ್ಳು, ಗೊಂಬೆ ನಿಲ್ಲುವುದೇ ಅದರ ಮೇಲೆ. ಸೊಂಟ ಸಣ್ಣ. ಕೈಗಳು ಮೈಗೇ ಅಂಟಿಕೊಂಡಿರುತ್ತವೆ, ಯಾಕೆಂದರೆ ಹೊರಗೆ ಚಾಚಿದ ಕೈ ಸಂತೆ ತಲುಪುವ ಮೊದಲೇ ಮುರಿಯುತ್ತದೆ. ಮುಖಕ್ಕೆ ಎರಡು ಚುಕ್ಕೆ ಕಣ್ಣು, ಒಂದು ಚಿವುಟು ಮೂಗು. ಇಷ್ಟು ಊರಿನದ್ದು. ಈ ಇಷ್ಟರೊಳಗೆ ಅವರು ಏನು ಮಾಡುತ್ತಾರೆ ನೋಡಿ. ಮಗು ಎತ್ತಿಕೊಂಡವಳ ತಲೆ ಒಂದು ಎಳೆಯಷ್ಟು ಮಗುವಿನ ಕಡೆ ಬಾಗುತ್ತದೆ. ಹಕ್ಕಿ ಹಿಡಿದವಳು ನೆಟ್ಟಗೆ, ಎದೆ ಮುಂದೆ ಮಾಡಿ ನಿಲ್ಲುತ್ತಾಳೆ. ಕುದುರೆಗೆ ಕಾಲು ಗಿಡ್ಡ, ಕತ್ತು ಉದ್ದ, ಅದರ ಹೆಮ್ಮೆಯೆಲ್ಲ ಕತ್ತಿನಲ್ಲೇ. ಬಣ್ಣ ಕಡಿಮೆ ಹಾಕುತ್ತಾರೆ. ಹಾಕಿದ್ದು ಮೈಯ ತಿರುವನ್ನೇ ಹಿಂಬಾಲಿಸುತ್ತದೆ.

ಒಂದೇ ರಾಗವನ್ನು ಹತ್ತು ಜನ ಹಾಡಿದರೂ ದನಿ ಗುರುತು ಸಿಗುತ್ತದಲ್ಲ, ಹಾಗೆ. ಅಜ್ಜಿಯರಿಗೆ ಅನ್ಯಾಯ ಆಗಿದ್ದು ನಿಜ, ಅವರ ಹೆಸರು ಯಾರೂ ಬರೆದಿಡಲಿಲ್ಲ. ಆದರೆ ಆ ಸಾಲಿನಲ್ಲಿ ಒಬ್ಬರ ಹೆಸರಾದರೂ ಉಳಿದದ್ದರಿಂದ ಉಳಿದವರ ಕಡೆಯೂ ಕಣ್ಣು ಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಆವಿಗೆ ಬಸಣ್ಣ

ನಾನು ಮಣ್ಣಿನ ಕೆಲಸ ಮಾಡುವವನು. ಸೀಟಿ ಗೊಂಬೆ ವಿಷಯ ಬಂದಿದ್ದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೋಡಿದವರಿಗೆ ಇದು ಮಕ್ಕಳ ಆಟಿಕೆ, ಮಾಡಿದವರಿಗೆ ಕಷ್ಟದ ವಸ್ತು.

ಮಣ್ಣನ್ನು ರೊಟ್ಟಿ ತರಹ ತಟ್ಟಿ ಬೆರಳಿಗೋ ಕೋಲಿಗೋ ಸುತ್ತಬೇಕು. ಅಂಚು ಕೂಡಿಸಿ ಹೊಲಿಗೆ ಕಾಣದ ಹಾಗೆ ಒತ್ತಬೇಕು. ಈಗ ಒಂದು ಟೊಳ್ಳು ಹೊಟ್ಟೆ ಆಯಿತು. ಒಂದು ತುದಿ ಎಳೆದರೆ ಕತ್ತು, ತಲೆ. ಇನ್ನೊಂದು ತುದಿ ಎಳೆದರೆ ಬಾಲ. ಬಾಲವೇ ಊದುವ ಜಾಗ. ಚಪ್ಪಟೆ ಕಡ್ಡಿಯಿಂದ ಬಾಲದೊಳಗೆ ಸಣ್ಣ ದಾರಿ ಕೊರೆಯಬೇಕು. ಹೊಟ್ಟೆಯ ಕೆಳಗೆ ಚೌಕದ ಕಿಂಡಿ ತೆಗೆಯಬೇಕು. ದಾರಿಯಿಂದ ಬಂದ ಗಾಳಿ ಕಿಂಡಿಯ ಎದುರಂಚಿಗೆ ಸರಿಯಾಗಿ ಬಡಿಯಬೇಕು. ಅಂಚು ಚೂಪಾಗಿರಬೇಕು. ಗಾಳಿ ಒಂದು ಕೂದಲೆಳೆ ಮೇಲೆ ಹೋದರೆ ಬರೀ ಉಸಿರು ಬರುತ್ತದೆ, ಸೀಟಿ ಇಲ್ಲ. ಕೆಳಗೆ ಹೋದರೂ ಅಷ್ಟೇ.

ಹಸಿ ಇರುವಾಗಲೇ ಊದಿ ನೋಡಬೇಕು. ದನಿ ಬಂತು ಅಂದಮೇಲೆ ಅದನ್ನು ಮುಟ್ಟಬಾರದು. ಆದರೆ ಗೊಂಬೆ ಮುಗಿದಿರುವುದಿಲ್ಲ. ರೆಕ್ಕೆ ಅಂಟಿಸಬೇಕು, ಜುಟ್ಟು ಅಂಟಿಸಬೇಕು. ಆ ಒತ್ತಡಕ್ಕೆ ಕಿಂಡಿ ಸೊಟ್ಟಾದರೆ ಮತ್ತೆ ಮೊದಲಿನಿಂದ. ಒಣಗುವಾಗ ಮಣ್ಣು ಕುಗ್ಗುತ್ತದೆ, ಸುಟ್ಟಾಗ ಇನ್ನಷ್ಟು ಕುಗ್ಗುತ್ತದೆ. ಅದಕ್ಕೆ ಮೊದಲೇ ಲೆಕ್ಕ ಇಟ್ಟು ಕಿಂಡಿ ತೆಗೆಯಬೇಕು.

ಕೊಳಲಿನಲ್ಲಿ ತೂತು ಎಲ್ಲಿದೆ ಅನ್ನುವುದು ಮುಖ್ಯ. ಇಂಥ ಗುಂಡು ಸೀಟಿಯಲ್ಲಿ ಹಾಗಲ್ಲ. ಹೊಟ್ಟೆಯೊಳಗೆ ಎಷ್ಟು ಗಾಳಿ ಹಿಡಿಯುತ್ತದೆ, ಒಟ್ಟು ಎಷ್ಟು ತೂತು ತೆರೆದಿದೆ, ಇವೆರಡರ ಮೇಲೆ ದನಿ ನಿಲ್ಲುತ್ತದೆ. ದೊಡ್ಡ ಹುಂಜಕ್ಕೆ ದಪ್ಪ ದನಿ. ಚಿಕ್ಕ ಹಕ್ಕಿಗೆ ಕೀರಲು ದನಿ. ಇಷ್ಟೆಲ್ಲ ನೆನಪಿಟ್ಟುಕೊಂಡು, ಮೇಲಿಂದ ಅದು ಚೆಲುವಾಗಿಯೂ ಕಾಣಬೇಕು. ರಂಗನಾಥ್ ಸರ್, ಕಲೆ ಹೌದೋ ಅಲ್ಲವೋ ನೀವು ನಿರ್ಧಾರ ಮಾಡಿ. ಕಸುಬಿನವರಿಗೆ ಅವರ ಕೈ ಎಂಥದ್ದು ಅಂತ ಗೊತ್ತಾಗುತ್ತದೆ.

ಆವಿಗೆ, ಅಂದರೆ ಮಡಕೆ ಸುಡುವ ಗೂಡಿನ ಬಗ್ಗೆಯೂ ಒಂದು ಮಾತು. ಸೌದೆ ಆವಿಗೆ ತುಂಬುವಾಗ ದೊಡ್ಡ ಪಾತ್ರೆಗೇ ಒಳ್ಳೆ ಜಾಗ. ಗೊಂಬೆಗಳು ಸಂದಿಯಲ್ಲಿ, ಪಾತ್ರೆಯ ಹೊಟ್ಟೆಯೊಳಗೆ ಕೂರುತ್ತವೆ. ಉಳಿದ ಮಣ್ಣು, ಉಳಿದ ಜಾಗ, ಉಳಿದ ಹೊತ್ತು. ಶಾರದಾ ಮೇಡಂ ಹೇಳಿದ್ದು ಸರಿ, ಗೊಂಬೆಗೆ ಯಾವತ್ತೂ ಉಳಿದದ್ದೇ ಸಿಗುತ್ತಿತ್ತು.

ಚಿನ್ಮಯಿ

ಯುದ್ಧ ಶುರುವಾದಾಗ ಒಂದು ಫೋಟೋ ಎಲ್ಲ ಕಡೆ ಓಡಾಡಿತ್ತು. ಬಾಂಬ್ ಬಿದ್ದು ಅಪಾರ್ಟ್‌ಮೆಂಟ್ ಅರ್ಧ ಕುಸಿದಿದೆ, ಗೋಡೆಯ ಮೇಲೆ ಅಡುಗೆಮನೆ ಕಪಾಟು ಮಾತ್ರ ಹಾಗೇ ನೇತಾಡುತ್ತಿದೆ, ಅದರ ಮೇಲೆ ಮಣ್ಣಿನ ಹುಂಜ. ಅದು ಇವರದ್ದೇನಾ?

ತಿಗರಿ ಶಾರದಾ

ಇಲ್ಲ ಚಿನ್ಮಯಿ, ಅದು ಬೇರೆ. ಆ ಫೋಟೋ ಕೀವ್ ಹತ್ತಿರದ ಬೊರೊದ್ಯಾಂಕಾದ್ದು, 2022ರ ವಸಂತದ್ದು. ಹುಂಜ ವಸಿಲ್ಕೀವ್ ಊರಿನ ಮಜೋಲಿಕಾ ಕಾರ್ಖಾನೆಯದ್ದು. ಮಜೋಲಿಕಾ ಅಂದರೆ ಬಣ್ಣದ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಾಕಿ ಸುಟ್ಟ ಮಣ್ಣಿನ ಸಾಮಾನು. ಅಂಥ ಹುಂಜದ ಹೂಜಿ ಸೋವಿಯತ್ ಕಾಲದಲ್ಲಿ ಎಷ್ಟೋ ಮನೆಗಳ ಶೋಕೇಸಿನಲ್ಲಿ ಇರುತ್ತಿತ್ತು. ಫೋಟೋ ಹರಡಿದ ಮೇಲೆ ಇದನ್ನು ಮಾಡಿದವರು ಯಾರು ಅಂತ ಜನ ಹುಡುಕಲು ಶುರುಮಾಡಿದರು. ಮೊದಲು ಪ್ರೊಕಿಪ್ ಬಿದಾಸ್ಯುಕ್ ಅನ್ನುವ ಹೆಸರು ಕೇಳಿಬಂತು. ಆಮೇಲೆ ವಲೆರಿ ಪ್ರೊತೊರ್ಯೆವ್ ಮತ್ತು ನಾದಿಯಾ ಪ್ರೊತೊರ್ಯೆವಾ ದಂಪತಿಯ ಹೆಸರು ಬಂತು. ಕಪಾಟನ್ನು ಹುಂಜದ ಸಮೇತ ಕೀವ್‌ನ ಒಂದು ಮ್ಯೂಸಿಯಂಗೆ ಸೇರಿಸಿದ್ದಾರೆ.

ರಂಗನಾಥ್ ಅವರ ಪ್ರಶ್ನೆಗೆ ಇದೂ ಸೇರುತ್ತದೆ ನೋಡಿ. ಇಷ್ಟು ಮನೆಗಳಲ್ಲಿ ಇದ್ದ ವಸ್ತು. ಅದರ ಕರ್ತೃ ಯಾರು ಅಂತ ಕೇಳಲು ಒಂದು ಕಟ್ಟಡ ಬೀಳಬೇಕಾಯಿತು. ಕಾರ್ಖಾನೆಯ ಮಾಲಿಗೆ ಕಾರ್ಖಾನೆಯ ಹೆಸರೇ ಸಾಕು ಅಂತ ಇದ್ದ ಕಾಲದಲ್ಲಿ, ಸೀಟಿ ಮಾಡುವ ಒಬ್ಬ ಹೆಂಗಸಿನ ಹೆಸರು ಬದುಕಿದ್ದಾಗಲೇ ಊರಾಚೆ ತಿಳಿದಿತ್ತು. ಇದು ಸಣ್ಣ ಮಾತಲ್ಲ. ಉಕ್ರೇನ್ ಗಣರಾಜ್ಯ ಅವರಿಗೆ ‘ಜನಪದ ಕಲೆಯ ಗೌರವಾನ್ವಿತ ಕುಶಲಿ’ ಅನ್ನುವ ಬಿರುದನ್ನೂ ಕೊಟ್ಟಿತ್ತು.

ಇತಿಹಾಸದ ಹುಚ್ಚು

ಬದುಕಿನ ಇಸವಿಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. 1921ರಲ್ಲಿ ಹುಟ್ಟಿದವರು ಅಂದರೆ 1932–33ರ ಬರಗಾಲದಲ್ಲಿ 11, 12 ವಯಸ್ಸಿನ ಹುಡುಗಿ. ಅದು ಮಳೆ ಕೈಕೊಟ್ಟ ಬರ ಅಲ್ಲ. ಸ್ಟಾಲಿನ್ ಸರ್ಕಾರ ಹಳ್ಳಿಗಳಿಂದ ಕಾಳು ಬಾಚಿಕೊಂಡು ಹೋದದ್ದರಿಂದ ಬಂದದ್ದು. ಉಕ್ರೇನಿನವರು ಅದನ್ನು ಹೊಲೊದೊಮೊರ್ ಅನ್ನುತ್ತಾರೆ. ಲಕ್ಷಗಟ್ಟಲೆ ಜನ ಸತ್ತರು. ಆಗ ಪೊಲ್ತಾವಾ ಸೀಮೆ ಖಾರ್ಕಿವ್ ಪ್ರಾಂತ್ಯಕ್ಕೆ ಸೇರಿತ್ತು. ಕೀವ್ ಮತ್ತು ಖಾರ್ಕಿವ್ ಪ್ರಾಂತ್ಯಗಳಿಗೇ ಹೊಡೆತ ಅತಿ ಹೆಚ್ಚು. ಕುಂಬಾರರ ಊರಿಗೆ ಇಂಥ ಕಾಲದಲ್ಲಿ ಎರಡು ಪೆಟ್ಟು. ಮನೆಯಲ್ಲಿ ಕಾಳಿಲ್ಲ, ಸಂತೆಯಲ್ಲಿ ಹೂಜಿ ಕೊಳ್ಳುವವರಿಲ್ಲ.

ಅವರಿಗೆ 20 ಆಗುವ ಹೊತ್ತಿಗೆ ಜರ್ಮನ್ ಸೈನ್ಯ ಬಂತು. 1941ರಿಂದ 1943ರವರೆಗೆ ಪೊಲ್ತಾವಾ ಸೀಮೆ ಅವರ ಕೈಯಲ್ಲಿತ್ತು. ಯುದ್ಧ ಮುಗಿದ ಮೇಲೆ ಹಳ್ಳಿಗಳಲ್ಲಿ ಗಂಡಸರು ಕಡಿಮೆ. ಆ ಪೀಳಿಗೆಯ ಹೆಂಗಸರೇ ಹೊಲ, ಕಾರ್ಖಾನೆ ಎರಡನ್ನೂ ಎತ್ತಿ ನಿಲ್ಲಿಸಿದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಆ ಗೊಂಬೆಗಳ ಕಳೆ ನೋಡಿ ಎಷ್ಟೋ ಜನ ‘ಹಳ್ಳಿಯ ಮುಗ್ಧ ಬದುಕು’ ಅಂತ ಬರೆದುಬಿಡುತ್ತಾರೆ. ಆ ಮಾತು ನನಗೆ ಒಪ್ಪುವುದಿಲ್ಲ. ಹಸಿವು, ಯುದ್ಧ ಎರಡನ್ನೂ ಕಂಡ ಹೆಂಗಸು ಕೂತು ಹಬ್ಬದ ಉಡುಪಿನ ಗೊಂಬೆ, ಜುಟ್ಟೆತ್ತಿದ ಹುಂಜ ಮಾಡಿದರು. ಅದರಲ್ಲಿ ಅರಿವು ಇದೆ, ಆಯ್ಕೆ ಇದೆ.

ಊರಿನ ಹಿಂದಿನ ಕಥೆಯೂ ದೊಡ್ಡದೇ. 19ನೇ ಶತಮಾನದ ಕೊನೆಗೆ ಪೊಲ್ತಾವಾ ಪ್ರಾಂತ್ಯದ ಆಡಳಿತ ಮಂಡಳಿ, ಅಂದರೆ ಜೆಮ್ಸ್ತ್ವೊ, ಒಪಿಶ್ನ್ಯಾದಲ್ಲಿ ಕುಂಬಾರಿಕೆ ಕಲಿಸುವ ಕಾರ್ಯಾಗಾರ ತೆರೆದಿತ್ತು. ಪೊಲ್ತಾವಾದಲ್ಲಿ 1903ರಿಂದ 1908ರವರೆಗೆ ಆ ಜೆಮ್ಸ್ತ್ವೊ ಕಚೇರಿ ಕಟ್ಟಿದರು. ವಾಸ್ತುಶಿಲ್ಪಿ ವಸಿಲ್ ಕ್ರಿಚೆವ್ಸ್ಕಿ. ಗೋಡೆಗೆ ಬಣ್ಣದ ಮಜೋಲಿಕಾ ತುಂಬಿಸಿದ ಕಟ್ಟಡ ಅದು. ಈಗ ಅದೇ ಪೊಲ್ತಾವಾದ ಮ್ಯೂಸಿಯಂ. ಡಾಕ್ಟ್ರು ನೋಡಿರಬೇಕು.

ದಾವಣಗೆರೆ ಡಾಕ್ಟ್ರು

ನೋಡದೆ ಇರುತ್ತೇನಾ, ಪೊಲ್ತಾವಾದಲ್ಲಿ ಮನೆಯಿಂದ ಯಾರೇ ಬಂದರೂ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ಕಿಟಕಿ ಬಾಗಿಲುಗಳ ಮೇಲ್ಭಾಗ ಕಮಾನಲ್ಲ, ಮೂಲೆ ಕತ್ತರಿಸಿದ ಹಾಗೆ ಇರುತ್ತದೆ. ಹಳ್ಳಿಮನೆ, ಮರದ ಚರ್ಚುಗಳಿಂದ ತೆಗೆದುಕೊಂಡ ಆಕಾರ ಅಂತೆ. ಹತ್ತಿರ ಹೋಗಿ ನೋಡಿದರೆ ಗೋಡೆಯ ಹೂವುಗಳ ಗ್ಲೇಜ್ ಬಿಸಿಲಿಗೆ ಹೊಳೆಯುತ್ತದೆ.

ಗಾಯತ್ರಿ ಎಂ

ಒಂದು ಕಡೆ ನನ್ನ ಮನಸ್ಸು ನಿಂತಿದೆ. ‘ಗಂಡಸರು ತಿಗರಿ, ಹೆಂಗಸರು ಬಣ್ಣ ಮತ್ತು ಗೊಂಬೆ’ ಅಂದಿರಲ್ಲ, ಈ ಹಂಚಿಕೆ ಮಾಡಿದ್ದು ಯಾರು? ತಿಗರಿ ಕೂರಲು ಬಿಟ್ಟಿದ್ದರೆ ಸೆಲ್ಯೂಚೆಂಕೊ ಅಂಥವರು ದೊಡ್ಡ ಪಾತ್ರೆಗಳನ್ನೇ ಮಾಡುತ್ತಿದ್ದರೋ ಏನೋ. ಗೊಂಬೆಯಲ್ಲಿ ಅವರು ಗೆದ್ದರು ಅಂತ ಸಂಭ್ರಮ ಪಡುವಾಗ, ಅವರಿಗೆ ಅಷ್ಟೇ ಜಾಗ ಕೊಟ್ಟಿದ್ದರು ಅನ್ನುವುದನ್ನೂ ಹೇಳಬೇಕು.

ತಿಗರಿ ಶಾರದಾ

ಹೌದು ಗಾಯತ್ರಿ ಅವರೇ, ಹೇಳಲೇಬೇಕು. ಒಪಿಶ್ನ್ಯಾದಲ್ಲಿ ತಿಗರಿಯವರಿಗೆ ಬಂದಷ್ಟು ಮನ್ನಣೆ ಬಣ್ಣದವರಿಗೆ ಬಂದಿಲ್ಲ. ಇವಾನ್ ಬಿಲಿಕ್, ವಸಿಲ್ ಒಮೆಲ್ಯಾನೆಂಕೊ, ಮಿಖೈಲೊ ಕಿತ್ರಿಶ್ ಮೂವರಿಗೂ 1999ರಲ್ಲಿ ಶೆವ್ಚೆಂಕೊ ಪ್ರಶಸ್ತಿ ಬಂತು. ಅದು ಉಕ್ರೇನಿನ ಅತ್ಯುನ್ನತ ಸಾಂಸ್ಕೃತಿಕ ಪ್ರಶಸ್ತಿ. ಮೂವರೂ ಅದಕ್ಕೆ ತಕ್ಕವರೇ. ಬಿಲಿಕ್ ಅವರ ಸಿಂಹದ ಆಕಾರದ ಪಾತ್ರೆಗಳನ್ನು ನೋಡಿದರೆ ಮಾತೇ ಬೇಡ. ಆದರೆ ಮೊತ್ರೋನಾ ನಜಾರ್ಚುಕ್, ಜಿನೈದಾ ಲಿನ್ನಿಕ್ ಅಂಥ ಚಿತ್ತಾರದ ಹೆಂಗಸರ ಹೆಸರು ಊರಾಚೆ ಎಷ್ಟು ಜನಕ್ಕೆ ಗೊತ್ತು?

ಆ ಬಣ್ಣದ ಕೆಲಸ ಎಂಥದ್ದು ಅಂತ ಸ್ವಲ್ಪ ಹೇಳುತ್ತೇನೆ. ದನದ ಕೊಂಬನ್ನು ಟೊಳ್ಳು ಮಾಡಿ ತುದಿಗೆ ಹೆಬ್ಬಾತಿನ ಗರಿಯ ಕಡ್ಡಿ ಸಿಕ್ಕಿಸುತ್ತಾರೆ. ಒಳಗೆ ಬಣ್ಣದ ಮಣ್ಣಿನ ತಿಳಿ. ಹಸಿ ಬಟ್ಟಲಿನ ಮೇಲೆ ಅದರಿಂದ ಗೆರೆ, ಚುಕ್ಕೆ, ದ್ರಾಕ್ಷಿ ಗೊಂಚಲು. ಹಸಿರು ಬೇಕಾದರೆ ತಾಮ್ರದ ಆಕ್ಸೈಡ್, ಕಪ್ಪು ಕಂದಿಗೆ ಮ್ಯಾಂಗನೀಸ್, ಕೆಂಪಿಗೆ ಕಬ್ಬಿಣದ ಅಂಶ ಇರುವ ಮಣ್ಣು. ಇನ್ನೊಂದು ಬಗೆ ಫ್ಲ್ಯಾಂದ್ರಿವ್ಕಾ. ಪಕ್ಕಪಕ್ಕ ಬಣ್ಣದ ಗೆರೆ ಬಿಟ್ಟು, ಅವು ಹಸಿ ಇರುವಾಗಲೇ ಸಣ್ಣ ತಂತಿಯಿಂದ ಅಡ್ಡ ಎಳೆಯುವುದು. ಗೆರೆಗಳು ಅಲೆಯಾಗುತ್ತವೆ. ಕೈ ನಡುಗಿದರೆ ಅಳಿಸಲು ಆಗುವುದಿಲ್ಲ, ಬಟ್ಟಲೇ ಹೋಯಿತು. ಇಂಥ ಕೆಲಸವನ್ನು ‘ಸಹಾಯ’ ಅಂತ ಕರೆದರು.

ತಿಗರಿಯಿಂದ ದೂರ ಇಟ್ಟಿದ್ದಕ್ಕೆ ಭಾರದ ಕೆಲಸ, ಕಾಲಿನಿಂದ ತಿರುಗಿಸುವ ಚಕ್ರ ಅಂತೆಲ್ಲ ಕಾರಣ ಕೊಡುತ್ತಾರೆ. ಹೊಲದಲ್ಲಿ ಅದಕ್ಕಿಂತ ಭಾರ ಹೊತ್ತವರಿಗೆ ಇದು ಕಾರಣವೇ ಅಲ್ಲ ಅನ್ನಿಸುತ್ತದೆ ನನಗೆ.

ರಂಗನಾಥ್ ಕೆ

ಶಾರದಾ ಅವರೇ, ಬಸಣ್ಣ, ಇಬ್ಬರಿಗೂ ಥ್ಯಾಂಕ್ಸ್. ಸೀಟಿಯ ವಿವರ ಓದಿದ ಮೇಲೆ ಫೋಟೋಗಳನ್ನು ಮತ್ತೆ ನೋಡಿದೆ. ಮಗು ಎತ್ತಿಕೊಂಡವಳ ತಲೆ ಬಾಗಿರುವುದು ಈಗ ಕಾಣುತ್ತಿದೆ. ಆದರೂ ಉಳಿದ ಹೆಂಗಸರ ಹೆಸರುಗಳನ್ನೂ ಹುಡುಕಿ ಬರೆದಿಡುವ ಕೆಲಸ ಆಗಬೇಕು ಅನ್ನುವ ನನ್ನ ಮಾತು ಹಾಗೇ ಇದೆ.

ಕೋಸಿವ್ ಕುಂಬಾರಿಕೆಯೂ ಉಕ್ರೇನಿನದ್ದೇ ಅಲ್ವಾ? ಯುನೆಸ್ಕೊ ಪಟ್ಟಿಯಲ್ಲಿ ಇರುವುದು ಅದು. ಒಪಿಶ್ನ್ಯಾಗೂ ಅದಕ್ಕೂ ಏನು ವ್ಯತ್ಯಾಸ?

ಆವಿಗೆ ಬಸಣ್ಣ

ಬಹಳ ಇದೆ ಸರ್. ಕೋಸಿವ್ ಪಶ್ಚಿಮದಲ್ಲಿ, ಕಾರ್ಪಾಥಿಯನ್ ಬೆಟ್ಟದ ಬುಡದಲ್ಲಿ. ಹುತ್ಸುಲ್ ಜನರ ನಾಡು. ಪಾತ್ರೆಗೆ ಮೊದಲು ಬಿಳಿ ಮಣ್ಣಿನ ತಿಳಿ ಬಳಿಯುತ್ತಾರೆ. ಅದು ಆರುತ್ತಿದ್ದಂತೆ ಲೋಹದ ಕಡ್ಡಿಯಿಂದ ಚಿತ್ರ ಗೀಚುತ್ತಾರೆ. ಬಿಳಿ ಕೆತ್ತಿ ಹೋಗಿ ಒಳಗಿನ ಮಣ್ಣು ಕಾಣುತ್ತದೆ. ಬಣ್ಣ ಮೂರೇ: ಹಸಿರು, ಹಳದಿ, ಕಂದು. ಎರಡು ಸಲ ಸುಡುತ್ತಾರೆ. ಹಸಿರು ಗ್ಲೇಜಿನೊಳಗೆ ಸ್ವಲ್ಪ ಹರಿದು ಹಬ್ಬುತ್ತದೆ, ಅದನ್ನು ಅವರು ದೋಷ ಅನ್ನುವುದಿಲ್ಲ. ಅಲ್ಲಿ ಜನರು, ಸೈನಿಕರು, ಬೇಟೆ, ಸಂತರು ಎಲ್ಲ ಪಾತ್ರೆಯ ಮೇಲೆ ಚಿತ್ರವಾಗಿ ಬರುತ್ತಾರೆ. ಒಪಿಶ್ನ್ಯಾದಲ್ಲಿ ಪಾತ್ರೆಗೆ ಹೂವು ಬಳ್ಳಿ, ಜನರು ಗೊಂಬೆಯಾಗಿ ಬೇರೆ ನಿಲ್ಲುತ್ತಾರೆ.

ಕೋಸಿವ್ ಕಡೆಯ ದೊಡ್ಡ ಹೆಸರು ಒಲೆಕ್ಸಾ ಬಖ್ಮಾತ್ಯುಕ್, 1820ರಿಂದ 1882. ಒಲೆಯ ಹಂಚುಗಳಿಗೆ ಹೆಸರುವಾಸಿ. 1880ರಲ್ಲಿ ಕೊಲೊಮಿಯಾದಲ್ಲಿ ನಡೆದ ಪ್ರದರ್ಶನದಲ್ಲಿ ಅವರ ಕೆಲಸ ಇತ್ತು. ಅದನ್ನು ನೋಡಲು ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಜ್ ಯೋಸೆಫ್ ಬಂದಿದ್ದರು. ಗಾಯತ್ರಿ ಮೇಡಂಗೆ ಇನ್ನೊಂದು ಹೆಸರು: ಪವ್ಲೀನಾ ತ್ಸ್ವಿಲಿಕ್, 1891ರಿಂದ 1964, ಕೋಸಿವ್‌ನವರೇ. ಯುನೆಸ್ಕೊ ಪಟ್ಟಿಗೆ ಸೇರಿದ್ದು 2019ರಲ್ಲಿ.

ಚಿನ್ಮಯಿ

ಡಾಕ್ಟ್ರೇ, ಯುದ್ಧದ ಹೊತ್ತಲ್ಲಿ ನೀವು ಅಲ್ಲೇ ಇದ್ದಿರಾ?

ದಾವಣಗೆರೆ ಡಾಕ್ಟ್ರು

ಇಲ್ಲ, ಅಷ್ಟರಲ್ಲಿ ಓದು ಮುಗಿಸಿ ಬಂದಿದ್ದೆ. ಆದರೆ ಜೂನಿಯರ್‌ಗಳು ಇದ್ದರು. ಸುಮಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಸುಮಾರು 700 ಭಾರತೀಯ ವಿದ್ಯಾರ್ಥಿಗಳನ್ನು 2022ರ ಮಾರ್ಚ್ 8ರಂದು ಬಸ್ಸಿನಲ್ಲಿ ಹೊರಗೆ ಕರೆತಂದದ್ದು ನೆನಪಿರಬಹುದು. ಆ ಬಸ್ಸುಗಳು ಬಂದು ನಿಂತದ್ದು ಪೊಲ್ತಾವಾದಲ್ಲೇ. ಅಲ್ಲಿಂದ ರೈಲಿನಲ್ಲಿ ಲ್ವಿವ್, ಮುಂದೆ ಪೋಲೆಂಡ್. ನಮ್ಮ ಕಡೆಯ ಮಕ್ಕಳೂ ಇದ್ದರು. ಆ ವಾರ ಪೊಲ್ತಾವಾದ ಪರಿಚಯದವರಿಗೆ ದಿನಾ ಫೋನ್ ಮಾಡುತ್ತಿದ್ದೆ. ಒಬ್ಬರು ಮನೆಯ ಗಾಜಿನ ಕಪಾಟಿನಲ್ಲಿದ್ದ ಒಪಿಶ್ನ್ಯಾದ ಬಟ್ಟಲುಗಳನ್ನು ಬಟ್ಟೆಯಲ್ಲಿ ಸುತ್ತಿ ನೆಲಮಾಳಿಗೆಗೆ ಇಳಿಸಿದ್ದರು. ಆಲೂಗಡ್ಡೆ, ಉಪ್ಪಿನಕಾಯಿ ಜಾಡಿಗಳ ಪಕ್ಕದಲ್ಲಿ ಇಟ್ಟಿದ್ದೇವೆ ಅಂದರು.

ಆ ಕಾರ್ಖಾನೆಯ ಮಾಲು ಈಗ ಹೊಸದಾಗಿ ಸಿಗುವುದಿಲ್ಲ. ಸೋವಿಯತ್ ಒಕ್ಕೂಟ ಮುರಿದ ಮೇಲೆ ಕಾರ್ಖಾನೆ ಸೊರಗಿ ಮುಚ್ಚಿತು. ಕೆಲಸಗಾರರು ಮನೆಗಳಲ್ಲೇ ಆವಿಗೆ ಇಟ್ಟುಕೊಂಡು ಮುಂದುವರಿಸಿದರು. ಊರಲ್ಲಿ ಮಕ್ಕಳಿಗೆ ಕಲಿಸುವ ಕಲಾಶಾಲೆ ಇದೆ. ಗೊಂಬೆ ಮಾಡುವವರು ಈಗಲೂ ಇದ್ದಾರೆ.

ಮೇಷ್ಟ್ರು ಹಿರೇಮಠ

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಈ ಚರ್ಚೆ ಓದಿ ಆರನೇ ತರಗತಿ ಮಕ್ಕಳಿಗೆ ಸೆಲ್ಯೂಚೆಂಕೊ ಅವರ ಗೊಂಬೆಗಳ ಫೋಟೋ ತೋರಿಸಿದೆ. ಈಗ ಎಲ್ಲರಿಗೂ ಸೀಟಿ ಹುಂಜ ಮಾಡಬೇಕಂತೆ. ಬಸಣ್ಣ ಅವರೇ, ಶಾಲೆಯಲ್ಲಿ ಆವಿಗೆ ಇಲ್ಲ. ಆಗುತ್ತದಾ? ಬಾಯಿಗೆ ಇಡುವ ವಸ್ತು, ಅದೂ ಯೋಚನೆ.

ಆವಿಗೆ ಬಸಣ್ಣ

ಆಗುತ್ತದೆ ಮೇಷ್ಟ್ರೇ. ಬಾಯಿಗೆ ಇಡುವುದರಿಂದ ಗ್ಲೇಜ್ ಬೇಡವೇ ಬೇಡ. ಹಳೆಯ ಕಾಲದ ಗ್ಲೇಜ್‌ಗಳಲ್ಲಿ ಸೀಸ ಇರುತ್ತಿತ್ತು. ಅದು ಉಕ್ರೇನ್ ಇರಲಿ, ಬೇರೆ ಎಲ್ಲೇ ಇರಲಿ. ಹಳೆ ಸಂಗ್ರಹದ ಹೊಳೆಯುವ ಸೀಟಿ ಯಾರಾದರೂ ತಂದರೆ ಮಕ್ಕಳು ನೋಡಲಿ, ಊದುವುದು ಬೇಡ. ಅಂಗಡಿಯ ಬಣ್ಣವನ್ನೂ ಬಾಲಕ್ಕೆ ಹಚ್ಚಬೇಡಿ.

ಮಣ್ಣನ್ನು ಜರಡಿ ಹಿಡಿದು, ಕಲ್ಲು ಕಡ್ಡಿ ತೆಗೆದು, ಚೆನ್ನಾಗಿ ನಾದಿ. ಒಂದು ರಾತ್ರಿ ಒದ್ದೆ ಬಟ್ಟೆ ಮುಚ್ಚಿಡಿ. ಮೊದಲ ದಿನ ಬರೀ ಸೀಟಿ ಮಾಡಿಸಿ, ಹುಂಜ ಬೇಡ. ನಿಂಬೆಹಣ್ಣಿನ ಗಾತ್ರದ ಉಂಡೆ ಸಾಕು. ಕೊರೆಯಲು ಐಸ್‌ಕ್ರೀಮ್ ಕಡ್ಡಿ ಅರ್ಧ ಸೀಳಿ ಕೊಡಿ, ದಾರಿ ಚಪ್ಪಟೆ ಬರುತ್ತದೆ. ಕಿಂಡಿಯ ಎದುರಂಚನ್ನು ಅದೇ ಕಡ್ಡಿಯಿಂದ ಓರೆಯಾಗಿ ಸವರಿ. ಕಡ್ಡಿಯನ್ನು ದಾರಿಯಲ್ಲೇ ಬಿಟ್ಟು, ಕಿಂಡಿಯಿಂದ ಇಣುಕಿ ನೋಡಲು ಹೇಳಿ. ಕಡ್ಡಿಯ ತುದಿ, ಅಂಚು ಎರಡೂ ಒಂದೇ ಮಟ್ಟದಲ್ಲಿ ಕಾಣಬೇಕು. ಕಂಡರೆ ದನಿ ಬಂದೇ ಬರುತ್ತದೆ.

ದನಿ ಬಂದವರಿಗೆ ಮಾತ್ರ ಎರಡನೇ ದಿನ ಕತ್ತು, ಜುಟ್ಟು. ನೆರಳಲ್ಲಿ ಒಂದು ವಾರ ಒಣಗಿಸಿ. ಕೆನ್ನೆಗೆ ಇಟ್ಟು ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ಹಾಗೇ ಸುಟ್ಟರೆ ಆವಿ ಎದ್ದು ಸಿಡಿಯುತ್ತದೆ, ಪಕ್ಕದ್ದನ್ನೂ ಒಡೆಯುತ್ತದೆ. ಹತ್ತಿರದಲ್ಲಿ ಕುಂಬಾರರು ಯಾರಾದರೂ ಇದ್ದರೆ ಅವರ ಆವಿಗೆ ಹಾಕುವ ದಿನ ಕೇಳಿಕೊಂಡು ಕೊಟ್ಟುಬನ್ನಿ. ಮೂವತ್ತು ಹುಂಜಕ್ಕೆ ಜಾಗ ಬೇಕು ಅಂತ ಮೊದಲೇ ಹೇಳಿ, ಅವರು ಪಾತ್ರೆ ಜೋಡಿಸುವಾಗಲೇ ಲೆಕ್ಕ ಇಟ್ಟುಕೊಳ್ಳುತ್ತಾರೆ.

ಮೇಷ್ಟ್ರು ಹಿರೇಮಠ

ಸರಿ ಬಸಣ್ಣ. ಶನಿವಾರ ಮಣ್ಣು ತರಿಸುತ್ತೇನೆ. ಫೋಟೋ ಇಲ್ಲೇ ಹಾಕುತ್ತೇನೆ, ಯಾರ ಹುಂಜ ಯಾವುದು ಅಂತ ಮಕ್ಕಳ ಕೈಯಲ್ಲೇ ತಳಕ್ಕೆ ಹೆಸರು ಬರೆಸುತ್ತೇನೆ.